ದೀಪ ಅವರ ಕೈಯಲ್ಲೇ ಇರಲಿ: ಕಣ್ಣು ಮಂಜಾದ ಹಿರಿಯರಿಗೆ, ಅವರ ಮನೆಯವರಿಗೆ

ನಾಲ್ಕು ವರ್ಷದ ಹಿಂದಿನ ಮಾತು. ಕಾರ್ತಿಕ ಸೋಮವಾರ. ಸಂಜೆ ದೇವರ ಮುಂದೆ ಬಗ್ಗಿದ್ದ ನಮ್ಮ ಅತ್ತೆಯ ಸೆರಗಿಗೆ ದೀಪ ತಗುಲಿತು. ಅಂಗೈಯಗಲ ಬಟ್ಟೆ ಸುಟ್ಟಿತು, ಅಷ್ಟೇ. ಮೈಗೆ ಏನೂ ಆಗಲಿಲ್ಲ. ಆದರೆ ನಾನು ಹೆದರಿಬಿಟ್ಟೆ. ಅವತ್ತೇ ಬೆಂಕಿಪೊಟ್ಟಣ ಎತ್ತಿ ಅಟ್ಟದ ಮೇಲಿಟ್ಟೆ. ಮಾರನೇ ದಿನ ಕರೆಂಟಿನ ಪುಟ್ಟ ದೀಪ ತಂದು ದೇವರ ಗೂಡಿನಲ್ಲಿ ಸಿಕ್ಕಿಸಿದೆ. "ಇನ್ನು ನೀವು ಸುಮ್ನೆ ಕೈ ಮುಗಿದರೆ ಸಾಕು ಅತ್ತೆ" ಅಂದೆ.

ಅವರು ಏನೂ ಅನ್ನಲಿಲ್ಲ. ವಾರ ಕಳೆಯುವುದರೊಳಗೆ ಬೆಳಿಗ್ಗೆ ಆರಕ್ಕೆ ಆಗುತ್ತಿದ್ದ ಸ್ನಾನ ಹನ್ನೊಂದಕ್ಕೆ ಹೋಯಿತು. ತಲೆ ಬಾಚುವುದು ನಿಂತಿತು. ಊಟ ಅರ್ಧ ಮುದ್ದೆಗೆ ಇಳಿಯಿತು. "ದೇವರಿಗೂ ನಾನು ಬೇಡವಾದೆ ಕಣಮ್ಮ" ಅಂತ ಪಕ್ಕದ ಮನೆಯವರ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು. ದೀಪ ಕಿತ್ತುಕೊಂಡವಳು ನಾನು. ಅವರು ಅದನ್ನು ದೇವರ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಅತ್ತೆಗೆ ಈಗ 81. ಹಾಸನದ ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತು ಎಣ್ಣೆ ದೀಪ ಹಚ್ಚುವುದು ಅವರೇ. ಬೆಳಕು ಯಾವ ಕಡೆ ಇದೆ ಅನ್ನುವಷ್ಟು ಮಾತ್ರ ಅವರಿಗೆ ಕಾಣುತ್ತದೆ. ಈ ನಾಲ್ಕು ವರ್ಷದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಕಣ್ಣು ಹೋದಾಗ ಕಣ್ಣಿನಿಂದ ಮಾಡುತ್ತಿದ್ದ ಕೆಲಸಗಳು ಒಂದೊಂದೇ ಕೈತಪ್ಪುತ್ತವೆ. ದೀಪ, ಸ್ತೋತ್ರದ ಪುಸ್ತಕ, ದೇವರ ದರ್ಶನ. ಅವು ಹೋದಂತೆ ನಂಬಿಕೆಯೂ ಸೊರಗುತ್ತದೆ. ಆ ಕೆಲಸಗಳನ್ನು ಕೈಗೆ, ಕಿವಿಗೆ, ಮೂಗಿಗೆ ಮತ್ತೆ ಕಲಿಸಿಕೊಡಬಹುದು. ಹೇಗೆ ಅಂತ ಬರೆಯುತ್ತೇನೆ.

ಮೊದಲು ಡಾಕ್ಟರು. ಹರಕೆ ಜೊತೆಗೇ ಇರಲಿ

ಅತ್ತೆ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಿದ್ದರು. "ವಯಸ್ಸಾಯ್ತಲ್ಲ" ಅಂದುಕೊಂಡೆವು. ಅದು ಗ್ಲುಕೋಮಾ. ನಮ್ಮ ಕಡೆ ಕಣ್ಣಿನ ಪ್ರೆಶರ್ ಅಂತಾರೆ. ಕಣ್ಣಿನಿಂದ ಮೆದುಳಿಗೆ ಹೋಗುವ ನರ ನಿಧಾನವಾಗಿ ಹಾಳಾಗುತ್ತದೆ. ಸಾಮಾನ್ಯವಾಗಿ ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಎದುರಿಗಿರುವುದು ಕಾಣುತ್ತಲೇ ಇರುವುದರಿಂದ ಗೊತ್ತೇ ಆಗುವುದಿಲ್ಲ. ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಮದ್ದು ಹಾಕಿ ಕಾಪಾಡಿಕೊಳ್ಳಬೇಕು. ನಾವು ಎರಡು ವರ್ಷ ತಡ ಮಾಡಿದೆವು. ನೀವು ಮಾಡಬೇಡಿ. ಇದು ರಕ್ತಸಂಬಂಧದಲ್ಲಿ ಬರಬಹುದಾದ ಕಾಯಿಲೆ. ಹಾಗಾಗಿ ಅಪ್ಪ ಅಮ್ಮನಿಗೆ ಇದ್ದರೆ, 40 ದಾಟಿದ ಮಕ್ಕಳೂ ಕಣ್ಣು ತೋರಿಸಿಕೊಳ್ಳಬೇಕು.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಗೋಡೆಯ ಕ್ಯಾಲೆಂಡರಿನ ಮುಂದೆ ಕೂರಿಸಿ. ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನಡುವಿನ ಒಂದು ಚೌಕ ನೋಡಲು ಹೇಳಿ. ಆಮೇಲೆ ಕಣ್ಣು ಬದಲಿಸಿ. ಗೆರೆಗಳು ಸೊಟ್ಟಗೆ ಕಂಡರೆ, ನಡುವೆ ಕಪ್ಪು ಮಚ್ಚೆ ಬಂದರೆ ಕಣ್ಣಿನ ಹಿಂದಿನ ಪರದೆಯ, ಅಂದರೆ ರೆಟಿನಾದ, ನಡುಭಾಗಕ್ಕೆ ತೊಂದರೆ ಇರಬಹುದು. ಇದರಲ್ಲಿ ಒಂದು ಬಗೆಗೆ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಬೇಗ ಹೋದಷ್ಟೂ ಹೆಚ್ಚು ನೋಟ ಉಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಬೇಕು.

ಬರೀ ಪೊರೆ ಆಗಿದ್ದರೆ ನೀವು ಪುಣ್ಯವಂತರು. ಪೊರೆ ತೆಗೆದರೆ ನೋಟ ಬರುತ್ತದೆ. "ಪೊರೆ ಬಲಿಯಲಿ" ಅಂತ ಕಾಯುವುದು ಹಳೇ ಕಾಲದ ಮಾತು. 1976ರಲ್ಲಿ ಶುರುವಾದ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಇದರ ಆಪರೇಷನ್ ಉಚಿತವಾಗಿ ನಡೆಯುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಇದ್ದಕ್ಕಿದ್ದಂತೆ ಕಣ್ಣಿನಲ್ಲಿ ಮಿಂಚು ಹೊಡೆದಂತೆ ಆದರೆ, ಪರದೆ ಇಳಿದಂತೆ ಕಂಡರೆ, ಕಣ್ಣು ಕೆಂಪಾಗಿ ಸಿಡಿಯುವ ನೋವು ಬಂದರೆ ಅವತ್ತೇ ಹೋಗಬೇಕು. ಜೇನುತುಪ್ಪ, ಹರಳೆಣ್ಣೆ, ಸೊಪ್ಪಿನ ರಸ ಏನನ್ನೂ ಬಿಡಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸ್ ಕೂಡ ಬೇಡ. ಸ್ಟಿರಾಯ್ಡ್ ಇರುವ ಡ್ರಾಪ್ಸ್ ತಿಂಗಳುಗಟ್ಟಲೆ ಹಾಕಿಕೊಂಡರೆ ಅದರಿಂದಲೇ ಕಣ್ಣಿನ ಒತ್ತಡ ಏರಬಹುದು.

ಅತ್ತೆ ಮನೆದೇವರಿಗೆ ಬೆಳ್ಳಿ ಕಣ್ಣು ಒಪ್ಪಿಸುತ್ತೇನೆ ಅಂತ ಹರಕೆ ಹೊತ್ತಿದ್ದರು. ಒಪ್ಪಿಸಿದೆವು. ಹರಕೆ ಹೊತ್ತದ್ದರಿಂದ ಅವರಿಗೆ ಆಸ್ಪತ್ರೆಗೆ ಬರುವ ಧೈರ್ಯ ಬಂತು. "ದೇವರು ನೋಡಿಕೊಳ್ಳುತ್ತಾನೆ" ಅಂತ ಡಾಕ್ಟರನ್ನು ಬಿಡುವುದಾಗಲಿ, "ಇದೆಲ್ಲ ಮೂಢನಂಬಿಕೆ" ಅಂತ ಹರಕೆಯನ್ನು ಬೈಯುವುದಾಗಲಿ, ಎರಡೂ ಹಿರಿಯರಿಗೆ ನೋವು ಕೊಡುತ್ತವೆ.

ಮದ್ದಿಗೂ ಪೂಜೆಗೂ ಹೊಂದಿಸಿಕೊಳ್ಳಿ

ಗ್ಲುಕೋಮಾ ಡ್ರಾಪ್ಸ್ ಒಂದು ಹೊತ್ತೂ ತಪ್ಪಬಾರದು. ಅತ್ತೆಗೆ ಎರಡು ಹೊತ್ತು ಹಾಕಬೇಕು. ಮರೆಯದಿರಲು ಸುಲಭದ ದಾರಿ ಸಿಕ್ಕಿತು: ದೀಪಕ್ಕೆ ಮೊದಲು ಡ್ರಾಪ್ಸ್. ಹಚ್ಚಿದ ಮೇಲಾದರೆ ಕೈಯೆಲ್ಲ ಎಣ್ಣೆ. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ಒಂದೆರಡು ನಿಮಿಷ ಒತ್ತಿಕೊಳ್ಳಬೇಕು. ಆಗ ಮದ್ದು ಗಂಟಲಿಗೆ ಇಳಿಯುವುದಿಲ್ಲ. ಅತ್ತೆ ಆ ಹೊತ್ತಿನಲ್ಲಿ ಮನಸ್ಸಿನಲ್ಲೇ ಒಂದು ಶ್ಲೋಕ ಹೇಳಿಕೊಳ್ಳುತ್ತಾರೆ. ಎರಡು ಬಾಟಲಿ ಇದ್ದರೆ ನಡುವೆ ಐದು ನಿಮಿಷ ಬಿಡಿ, ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ.

ಏಕಾದಶಿ ದಿನ ಅತ್ತೆ "ಇವತ್ತು ಉಪವಾಸ, ಡ್ರಾಪ್ಸ್ ಬೇಡ" ಅಂದಿದ್ದರು. ಕಣ್ಣಿಗೆ ಹಾಕುವುದು ಊಟವಲ್ಲ ಅಂತ ಅವರು ನಂಬುವ ಪುರೋಹಿತರಿಂದಲೇ ಹೇಳಿಸಿದೆ. ನಾನು ಹತ್ತು ಸಲ ಹೇಳಿದರೂ ಆಗದ್ದು ಅವರ ಒಂದು ಮಾತಿಗೆ ಆಯಿತು. ನಿಮ್ಮ ಮನೆಯ ಹಿರಿಯರು ಮೌಲ್ವಿಯವರನ್ನೋ ಪಾದ್ರಿಯವರನ್ನೋ ನಂಬುವವರಾದರೆ ಅವರ ಹತ್ತಿರ ಹೋಗಿ ಕೇಳಿ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡುವುದಾದರೆ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಕಣ್ಣಿನ ಆಪರೇಷನ್ ಆದಮೇಲೆ ಡಾಕ್ಟರು ಹೇಳುವ ತನಕ ತಲೆಗೆ ನೀರು ಬೇಡ, ನೆಲಕ್ಕೆ ತಲೆ ತಾಗಿಸಿ ನಮಸ್ಕಾರ ಬೇಡ. ತೀರ್ಥ ತೆಗೆದುಕೊಂಡ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ಅದನ್ನೂ, ಮಂಗಳಾರತಿಯ ಬಿಸಿ ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಅಷ್ಟು ದಿನ ಬಿಡಬೇಕು. ತಲೆಗೆ ಮುಟ್ಟಿಸಿಕೊಂಡರೆ ಸಾಕು. ವಿಭೂತಿ, ಕುಂಕುಮದ ಪುಡಿ ಕಣ್ಣಿಗೆ ಉದುರದಂತೆ ಬೇರೆಯವರು ಹಚ್ಚಲಿ.

ದೀಪ ಹಚ್ಚುವುದನ್ನು ಕೈಗೆ ಕಲಿಸುವುದು

ಇದಕ್ಕೆ ನಮಗೆ ಮೂರು ವಾರ ಬೇಕಾಯಿತು. ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೊದಲು ನಾನೇ ಮಾಡಿ ನೋಡಿದೆ. ನೀವೂ ಹಾಗೆ ಮಾಡಿ ನೋಡಿ. ಎಲ್ಲಿ ಕಷ್ಟ ಅಂತ ಆಗ ತಿಳಿಯುತ್ತದೆ.

ಜಾಗ ಗಟ್ಟಿ ಮಾಡಿ. ಅಗಲವಾದ ಹಿತ್ತಾಳೆ ತಟ್ಟೆ, ಅದರಲ್ಲಿ ಒಂದು ಬೆರಳು ನೀರು, ನಡುವೆ ಅಲುಗಾಡದ ಭಾರದ ದೀಪ. ತಟ್ಟೆ ದಿನಾ ಅದೇ ಜಾಗದಲ್ಲಿ ಇರಬೇಕು. ಮಣೆ ಹಾಕಿ ಕೂತೇ ಹಚ್ಚಲಿ, ನಿಂತು ಬಗ್ಗುವುದು ಬೇಡ. ಸೆರಗನ್ನು ಬಲಗಡೆಯಿಂದ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಬೇಕು. ನೈಲಾನ್ ಸೀರೆ ಬೇಡ, ಹತ್ತಿ ಸೀರೆ ಉಡಲಿ.

ಎಣ್ಣೆ ಹಾಕುವಾಗ ಎಡಗೈ ತೋರುಬೆರಳಿನ ತುದಿಯನ್ನು ದೀಪದ ಅಂಚಿನ ಒಳಕ್ಕೆ ಬಗ್ಗಿಸಿ ಇಡಬೇಕು. ಬಲಗೈಯಲ್ಲಿ ಪುಟ್ಟ ಗಿಂಡಿಯಿಂದ ಸುರಿಯಬೇಕು. ಎಣ್ಣೆ ಬೆರಳಿಗೆ ತಣ್ಣಗೆ ತಾಗಿದ ಕೂಡಲೇ ನಿಲ್ಲಿಸಬೇಕು. ಅತ್ತೆಗೆ ಮೊದಲನೇ ದಿನವೇ ಇದು ಬಂತು. ಹಾಲು ಕಾಯಿಸುವ ಪಾತ್ರೆಗೆ ನೀರು ಹಾಕುವಾಗಲೂ ಈಗ ಹೀಗೇ ಮಾಡುತ್ತಾರೆ. ಬತ್ತಿ ಹೊಸೆಯುವುದು ಹೇಳಿಕೊಡಬೇಕಾಗಿಯೇ ಇರಲಿಲ್ಲ. ಅವರ ಬೆರಳಿಗೆ ಅರವತ್ತು ವರ್ಷದಿಂದ ಗೊತ್ತು. ಬತ್ತಿಯ ತುದಿ ದೀಪದ ಮೂತಿಯಿಂದ ಉಗುರಿನಷ್ಟು ಮಾತ್ರ ಹೊರಗಿದೆಯಾ ಅಂತ ಮುಟ್ಟಿ ನೋಡಬೇಕು.

ಬೆಂಕಿಕಡ್ಡಿ ಬೇಡವೇ ಬೇಡ. ಉದ್ದ ಮೂತಿಯ, ಉರಿ ಬರುವ ಲೈಟರ್ ಸಿಗುತ್ತದೆ. ಅದರ ಕೊಳವೆಯನ್ನು ದೀಪದ ಅಂಚಿನ ಮೇಲೆ ಒರಗಿಸಿ, ಬತ್ತಿಗೆ ತಾಗುವ ತನಕ ಮೆಲ್ಲಗೆ ಜಾರಿಸಿ, ಆಮೇಲೆ ಒತ್ತಬೇಕು. ಹತ್ತಿತೋ ಇಲ್ಲವೋ? ಒದ್ದೆ ಬತ್ತಿ ಚಿಟಿಚಿಟಿ ಅನ್ನುತ್ತದೆ. ಒಂದು ಗೇಣು ದೂರದಲ್ಲಿ, ಪಕ್ಕದಿಂದ, ಕೈ ಹಿಂಭಾಗ ಹಿಡಿದರೆ ಬಿಸಿ ಗೊತ್ತಾಗುತ್ತದೆ. ಮೇಲಿನಿಂದ ಕೈ ಹಿಡಿಯಬಾರದು.

ಈ ಹೊತ್ತಿನಲ್ಲಿ ಮನೆಯವರೊಬ್ಬರು ಪಕ್ಕದಲ್ಲಿ ಕೂತಿರಬೇಕು. "ಆ ಕಡೆ, ಈ ಕಡೆ, ಹುಷಾರು" ಅಂತ ಕೂಗಬಾರದು. ನಮ್ಮ ಮನೆಯಲ್ಲಿ ಈಗಲೂ ಯಾರಾದರೂ ಒಬ್ಬರು ಕೂತಿರುತ್ತೇವೆ, ದೀಪ ಶಾಂತವಾಗುವ ತನಕ ಆ ಕೋಣೆ ಖಾಲಿ ಬಿಡುವುದಿಲ್ಲ. ಕರ್ಪೂರ ಮಾತ್ರ ನನ್ನ ಮಗನ ಪಾಲಿಗೆ. ಅದು ಭಗ್ ಅಂತ ಹತ್ತಿಕೊಳ್ಳುತ್ತದೆ.

ಕೈ ನಡುಗುವವರಿಗೆ, ಮರೆವು ಜಾಸ್ತಿ ಇರುವವರಿಗೆ ಇದು ಆಗುವುದಿಲ್ಲ. ಅವರು ಎಣ್ಣೆ ಹಾಕಲಿ, ಬತ್ತಿ ಇಡಲಿ, ಹಚ್ಚುವ ಮೊಮ್ಮಗಳ ಮೊಣಕೈ ಹಿಡಿದುಕೊಳ್ಳಲಿ. ಪೂರ್ತಿ ಬಿಡಿಸಿ ಮೂಲೆಯಲ್ಲಿ ಕೂರಿಸಬೇಡಿ.

ಹೂವು, ಮಣಿ, ಪುಸ್ತಕ

ಪೂಜೆಯಲ್ಲಿ ಕಣ್ಣಿಲ್ಲದೆ ಆಗುವ ಕೆಲಸವೇ ಜಾಸ್ತಿ ಅಂತ ನನಗೆ ಆಮೇಲೆ ತಿಳಿಯಿತು. ಮಲ್ಲಿಗೆ, ಸಂಪಿಗೆ, ತುಳಸಿ, ಪತ್ರೆ ಎಲ್ಲವೂ ಮೂಗಿಗೆ, ಬೆರಳಿಗೆ ಗೊತ್ತು. ಅರಿಶಿನ ಕುಂಕುಮದ ಬಟ್ಟಲು ಬೇರೆ ಬೇರೆ ಆಕಾರದ್ದು ಇಡಿ. ಜಪಮಾಲೆಯ 108 ಮಣಿ ಮುಗಿದ ಕಡೆ ಮೇರು ಮಣಿ ಬೆರಳಿಗೆ ಸಿಗುತ್ತದೆ. ಕ್ರೈಸ್ತರ ಜಪಸರದಲ್ಲೂ ಹತ್ತತ್ತು ಮಣಿಗೆ ಒಂದು ಬಿಡುವು ಇದೆ, ಮುಸ್ಲಿಮರ ತಸ್ಬೀಹಿನಲ್ಲೂ 33ಕ್ಕೊಂದು ಗುರುತು ಇರುತ್ತದೆ. ಕಣ್ಣು ಮುಚ್ಚಿ ಎಣಿಸಲೆಂದೇ ಹಿಂದಿನವರು ಮಾಡಿಟ್ಟದ್ದು ಇವು, ಅಲ್ವಾ?

ಪುಸ್ತಕ ಕೈಬಿಟ್ಟಾಗ ಅತ್ತೆ ತುಂಬಾ ಅತ್ತರು. ಮೂಲೆ ಮಡಿಸಿದ, ಅರಿಶಿನದ ಕಲೆಯ ಸ್ತೋತ್ರದ ಪುಸ್ತಕ ಅದು. ಆದರೆ ನಾನು ಒಂದು ಸಾಲು ಓದಿದರೆ ಮುಂದಿನ ಮೂರು ಸಾಲು ಅವರ ಬಾಯಿಂದ ತಾನಾಗಿ ಬರುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಅವರಿಗೆ ಬಾಯಿಪಾಠವೇ ಆಗಿತ್ತು. ತಪ್ಪುವ ಜಾಗ ಮಾತ್ರ ನಾನು ಎತ್ತಿಕೊಟ್ಟೆ. ಎರಡು ತಿಂಗಳಲ್ಲಿ ಪೂರ್ತಿ ಬಂತು. ಅದನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಪೆನ್‌ಡ್ರೈವ್ ಹಾಕುವ ಸಣ್ಣ ಸ್ಪೀಕರಿಗೆ ತುಂಬಿಸಿದೆವು. ಅದರ ಗುಂಡಿಗಳೆಲ್ಲ ಒಂದೇ ಥರ ಇದ್ದವು. ಶುರುಮಾಡುವ ಗುಂಡಿಯ ಮೇಲೆ ಹಣೆಗಿಡುವ ಉಬ್ಬಿದ ಸ್ಟಿಕ್ಕರ್ ಅಂಟಿಸಿದೆ. ಬೆಳಗಿನ ಭಕ್ತಿಗೀತೆಗೆ ಹಾಸನ ಆಕಾಶವಾಣಿ ಇದ್ದೇ ಇದೆ. ಪಂಚಾಂಗ ಓದಿ ತಿಥಿ ಹೇಳುವುದು ಮಗನ ಕೆಲಸ, ಸ್ಕೂಲಿಗೆ ಹೋಗುವ ಮುಂಚೆ.

ಸ್ಮಾರ್ಟ್‌ಫೋನ್ ಬೇಕು ಅನ್ನುವವರಿಗೆ: ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅಂತ ಇದೆ. ಮುಟ್ಟಿದ್ದನ್ನೆಲ್ಲ ಓದಿ ಹೇಳುತ್ತದೆ, ಕನ್ನಡದಲ್ಲೂ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಯಾರಾದರೂ ಹೊಂದಿಸಿಕೊಡಬೇಕು.

ಇಲ್ಲದ್ದು ಕಂಡರೆ

ಇದನ್ನು ಎಲ್ಲರೂ ಓದಬೇಕು ಅಂತ ನನ್ನ ಆಸೆ. ಯಾಕೆಂದರೆ ನಮಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು. "ಅಂಗಳದಲ್ಲಿ ಯಾರಾದರೂ ಮಕ್ಕಳು ಇದ್ದಾರೇನಮ್ಮ? ಕೆಂಪು ಪೇಟ ಕಟ್ಟಿದ್ದಾರೆ. ಮಾತೇ ಆಡಲ್ಲ." ಅಂಗಳ ಖಾಲಿ ಇತ್ತು. ಎರಡು ತಿಂಗಳಿಂದ ಅವರಿಗೆ ಹೀಗೆ ಕಾಣುತ್ತಿತ್ತಂತೆ. ಒಮ್ಮೆ ಮಕ್ಕಳು, ಒಮ್ಮೆ ಗೋಡೆ ತುಂಬಾ ರಂಗೋಲಿಯ ಹಾಗೆ ಗೆರೆ. ಹುಚ್ಚು ಅಂದುಕೊಳ್ಳುತ್ತೇವೆ ಅಂತ ಹೆದರಿ ಬಾಯಿ ಬಿಟ್ಟಿರಲಿಲ್ಲ. ನೆಂಟರೊಬ್ಬರು "ಗಾಳಿ ಸೋಕಿದೆ, ತಾಯತ ಕಟ್ಟಿಸಿ" ಅಂದರು. ಇನ್ನೊಬ್ಬರು "ದೇವರೇ ಮಕ್ಕಳ ರೂಪದಲ್ಲಿ ಬಂದಿದ್ದಾನೆ" ಅಂದರು. ಅತ್ತೆ ಮೊದಲನೆಯದನ್ನು ಕೇಳಿ ನಡುಗಿದರು. ಎರಡನೆಯದನ್ನು ಕೇಳಿ, ಯಾಕೆ ಮಾತಾಡಲ್ಲ ಅಂತ ಕೊರಗಿದರು.

ಕಣ್ಣಿನ ಡಾಕ್ಟರು ನಕ್ಕು, ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅನ್ನುತ್ತಾರೆ ಅಂದರು. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಎಂಬವರು 1760ರಲ್ಲಿ ತಮ್ಮ ತಾತನಿಗೆ ಹೀಗಾಗುತ್ತಿದ್ದುದನ್ನು ಬರೆದಿಟ್ಟಿದ್ದರು. ತಾತನಿಗೂ ಪೊರೆಯಿಂದ ಕಣ್ಣು ಮಂಜಾಗಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಕಣ್ಣಿನಿಂದ ಚಿತ್ರ ಬರುವುದು ಕಮ್ಮಿಯಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಇದು ಹುಚ್ಚಲ್ಲ, ಮರೆವಿನ ಕಾಯಿಲೆಯಲ್ಲ, ದೆವ್ವವೂ ಅಲ್ಲ.

ಗುರುತು ಹೀಗೆ. ಕಾಣುವುದಕ್ಕೆ ದನಿ ಇರುವುದಿಲ್ಲ, ವಾಸನೆ ಇರುವುದಿಲ್ಲ. ನಿಜವಲ್ಲ ಅಂತ ನೋಡುವವರಿಗೇ ಒಳಗೆ ಗೊತ್ತಿರುತ್ತದೆ. ಕಂಡಾಗ ಕೋಣೆಯ ಲೈಟ್ ಹಾಕಿ. ಕಣ್ಣು ಮಿಟುಕಿಸಿ. ತಲೆ ಅಲ್ಲಾಡಿಸದೆ ಕಣ್ಣುಗಳನ್ನು ಮಾತ್ರ ಎಡಕ್ಕೆ ಬಲಕ್ಕೆ ಹತ್ತಾರು ಸಲ ಆಡಿಸಿ. ಎಷ್ಟೋ ಸಲ ಮಾಯವಾಗುತ್ತದೆ. ದನಿಯೂ ಕೇಳಿಸಿದರೆ, ಮಾತು ಹಿಂದುಮುಂದಾದರೆ, ನಿಜವೆಂದೇ ನಂಬಿ ಹೆದರಿದರೆ ಬೇರೆ ಕಾರಣ ಇರಬಹುದು, ಬೇಗ ಡಾಕ್ಟರಿಗೆ ತೋರಿಸಿ.

ಇದು ದರ್ಶನವಲ್ಲ ಅಂತ ಹೇಳಿದರೆ ನಂಬಿಕೆಗೆ ಪೆಟ್ಟು ಬೀಳುತ್ತದೇನೋ ಅಂತ ನನಗೆ ಅಳುಕಿತ್ತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವತ್ತು ರಾತ್ರಿ ಅವರು ತುಂಬಾ ದಿನದ ಮೇಲೆ ನೆಮ್ಮದಿಯಾಗಿ ಮಲಗಿದರು.

ಮನೆ ಮತ್ತು ಊಟ

ಹಿರಿಯರನ್ನು ಕೇಳದೆ ಮನೆಯ ಸಾಮಾನು ಜರುಗಿಸಬೇಡಿ. ಮೆಟ್ಟಿಲಿನ ಅಂಚಿಗೆ, ಹೊಸಿಲಿಗೆ ದಪ್ಪ ಹಳದಿ ಬಣ್ಣ ಬಳಿಯಿರಿ. ಬಚ್ಚಲಿಗೆ ಹಿಡಿಗಂಬಿ ಹಾಕಿಸಿ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ ಕಾಣುವುದಿಲ್ಲ, ಗಾಢ ಬಣ್ಣದ ತಟ್ಟೆ ತನ್ನಿ. ಬಡಿಸುವಾಗ ಬಾಳೆಎಲೆಯ ಕ್ರಮ ಬಿಡಬೇಡಿ. ಎಡತುದಿಗೆ ಉಪ್ಪು, ಉಪ್ಪಿನಕಾಯಿ, ನಡುವೆ ಮುದ್ದೆಯೋ ಅನ್ನವೋ. ಪಲ್ಯಕ್ಕೂ ದಿನಾ ಒಂದೇ ಜಾಗ. ನಮ್ಮ ಹಿರಿಯರ ಕೈಗೆ ಆ ಎಲೆಯ ನಕ್ಷೆ ಗೊತ್ತೇ ಇದೆ.

ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ

ಕೈ ಹಿಡಿದು ಎಳೆಯಬೇಡಿ, ಬೆನ್ನು ಹಿಡಿದು ತಳ್ಳಬೇಡಿ. ಅವರು ನಿಮ್ಮ ಮೊಣಕೈ ಮೇಲುಭಾಗ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನಿಮ್ಮ ಮೈ ಏರಿಳಿಯುವುದು ಅವರಿಗೆ ತಿಳಿಯುತ್ತದೆ. "ಮೆಟ್ಟಿಲು, ಹತ್ತಬೇಕು", "ಹೊಸಿಲು" ಅಂತ ಒಂದೊಂದೇ ಮಾತು ಹೇಳಿ. ಜಾತ್ರೆ ದಿನ ಬಿಟ್ಟು, ಬೆಳಿಗ್ಗೆ ಬೇಗ ಹೋಗಿ. ಬೇಲೂರಿಗೆ ಹೋಗುವುದಾದರೆ ಕಲ್ಲು ಕಾಯುವ ಮುಂಚೆ ಹೋಗಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಜಾಸ್ತಿ ಮೆಟ್ಟಿಲಿವೆ. ಹತ್ತಲಾಗದವರಿಗೆ ಡೋಲಿ ಸಿಗುತ್ತದೆ.

ಗರ್ಭಗುಡಿಯ ಮುಂದೆ ನಿಂತಾಗ ಕಂಡದ್ದನ್ನು ಹೇಳಿ. "ಚೆನ್ನಾಗಿದೆ" ಅಂದರೆ ಸಾಲದು. ಇವತ್ತು ಬೆಣ್ಣೆ ಅಲಂಕಾರವೋ, ಹಸಿರು ಸೀರೆಯೋ, ಯಾವ ಹೂವಿನ ಹಾರ, ಅದು ಎಲ್ಲಿ ತನಕ ಇಳಿದಿದೆ. ಅರ್ಚಕರಿಗೆ ವಿಷಯ ತಿಳಿಸಿದರೆ ಅವರೇ ಎಷ್ಟೋ ಸಲ ಹತ್ತಿರ ಬಂದು ಹೇಳುತ್ತಾರೆ, ಪ್ರಸಾದದ ಹೂವನ್ನು ಕೈಗೇ ಕೊಡುತ್ತಾರೆ.

ನಮ್ಮ ಹಾಸನಾಂಬೆಯ ಗುಡಿ ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದು, ದೀಪಾವಳಿ ಮುಗಿದ ಮೇಲೆ ಮುಚ್ಚುತ್ತದೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವ ತನಕ ಉರಿಯುತ್ತಲೇ ಇರುತ್ತದೆ ಅಂತ ಭಕ್ತರ ನಂಬಿಕೆ. ಕಣ್ಣು ಹೋದ ಮೊದಲ ವರ್ಷ ಅತ್ತೆ ಬರಲು ಒಪ್ಪಲಿಲ್ಲ. "ಹೋಗಿ ಏನು ನೋಡಲಿ?" ಅಂದರು. ಮರು ವರ್ಷ ತಾವೇ ಹೊರಟರು. ಕ್ಯೂನಲ್ಲಿ ನಿಂತಿದ್ದಾಗ ಅವರು ಅಂದದ್ದು ಇದು: "ವರ್ಷವೆಲ್ಲ ಬಾಗಿಲು ಹಾಕಿರುತ್ತೆ. ಯಾರ ಕಣ್ಣಿಗೂ ಕಾಣಲ್ಲ. ಅಮ್ಮ ಒಳಗಿಲ್ಲ ಅಂತ ಹಾಸನದವರು ಯಾರಾದರೂ ಅಂತಾರಾ?"

ಸಿಟ್ಟು ಬಂದರೆ, ದುಃಖ ಬಂದರೆ

"ಹಿಂದಿನ ಜನ್ಮದ ಕರ್ಮ" ಅನ್ನುವವರನ್ನು ಮನೆಯ ಹೊಸಿಲಲ್ಲೇ ತಡೆಯಿರಿ. ಕಣ್ಣು ಹೋಗುವುದು ನರದಿಂದ, ಸಕ್ಕರೆಯಿಂದ, ವಯಸ್ಸಿನಿಂದ. "ಗದುಗಿನ ಗವಾಯಿಗಳನ್ನು ನೋಡಿ" ಅಂತ ಸಮಾಧಾನ ಹೇಳುವವರಿಗೂ ಒಂದು ಮಾತು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ದೊಡ್ಡವರು. ಆದರೆ ಅವರಿಗೆ ಚಿಕ್ಕಂದಿನಿಂದಲೇ ಕಣ್ಣಿರಲಿಲ್ಲ. ಎಪ್ಪತ್ತು ವರ್ಷ ನೋಡಿ ಕಳೆದುಕೊಂಡವರ ನೋವು ಬೇರೆ. ಅದಕ್ಕೆ ಅಳುವ ಹಕ್ಕಿದೆ.

ದೇವರ ಮೇಲೆ ಸಿಟ್ಟು ಮಾಡಿಕೊಂಡು ಹತ್ತು ದಿನ ಪೂಜೆ ಬಿಟ್ಟರೆ ಬಿಡಲಿ, ಬಲವಂತ ಬೇಡ. ಆದರೆ ಎರಡು ವಾರ ದಾಟಿದರೂ ಊಟ, ನಿದ್ದೆ ಸರಿಹೋಗದಿದ್ದರೆ, "ಬದುಕಿ ಏನು" ಅನ್ನುವ ಮಾತು ಬಂದರೆ ಡಾಕ್ಟರಿಗೆ ಹೇಳಿ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದಪತ್ರ

ನೋಟ ತೀರಾ ಕಮ್ಮಿಯಾಗಿದ್ದರೆ ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಬರೆಯುತ್ತಾರೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಇರಬೇಕು. ಪಿಂಚಣಿಗೆ ನಾಡಕಚೇರಿಯಲ್ಲಿ, ಬಸ್ ಪಾಸಿಗೆ ಕೆಎಸ್‌ಆರ್‌ಟಿಸಿಯಲ್ಲಿ ಕೇಳಿ.

ಅತ್ತೆ ಕೇಳಿದ ಇನ್ನೊಂದು ವಿಷಯ

ಹೋದ ಶ್ರಾವಣದಲ್ಲಿ ಅತ್ತೆ ಕೇಳಿದರು: "ನನ್ನ ಕಣ್ಣು ದಾನ ಮಾಡಬಹುದಾ? ಕಾಣದ ಕಣ್ಣು ಯಾರಿಗೆ ಬೇಕು?" ಡಾಕ್ಟರನ್ನು ಕೇಳಿದೆ. ಬೇರೆಯವರಿಗೆ ಹಾಕುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ನರವೋ ರೆಟಿನಾವೋ ಹಾಳಾಗಿದ್ದರೂ ಕಾರ್ನಿಯಾ ಚೆನ್ನಾಗಿರಬಹುದು. ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅಂತ ನೇತ್ರ ಬ್ಯಾಂಕಿನವರು ಆಗ ಪರೀಕ್ಷೆ ಮಾಡಿ ಹೇಳುತ್ತಾರೆ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಿ ಹುಟ್ಟುತ್ತಾರೆ ಅನ್ನುವ ಮಾತು ಅತ್ತೆಯ ಕಿವಿಗೂ ಬಿದ್ದಿತ್ತು. "ದಾನಕ್ಕೆ ದೇವರು ಶಿಕ್ಷೆ ಕೊಡ್ತಾನಾ?" ಅಂತ ಅವರೇ ಅದನ್ನು ತಳ್ಳಿಹಾಕಿದರು.

ನಿಮ್ಮ ಮನೆಯ ಹಿರಿಯರಿಗೂ ಈ ಆಸೆ ಇದ್ದರೆ ಮಕ್ಕಳೆಲ್ಲರಿಗೂ ಮೊದಲೇ ತಿಳಿಸಿಡಿ. ಹತ್ತಿರದ ನೇತ್ರ ಬ್ಯಾಂಕಿನ ನಂಬರನ್ನು ಎದ್ದು ಕಾಣುವ ಕಡೆ ಬರೆದಿಡಿ. ನಮ್ಮದು ದೇವರ ಗೂಡಿನ ಬಾಗಿಲ ಒಳಬದಿಯಲ್ಲಿದೆ. ಪ್ರಾಣ ಹೋದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ನೇತ್ರ ಬ್ಯಾಂಕಿನವರು ಬರುವ ತನಕ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ತಲೆಯ ಕೆಳಗೆ ದಿಂಬು ಕೊಟ್ಟು, ರೆಪ್ಪೆಯ ಮೇಲೆ ಒದ್ದೆ ಹತ್ತಿ ಇಡಿ.